ತಾಮ್ರದ ಕೊಡದ ನೀರು

ಗೋಕಾಕದಲ್ಲಿ ನಮ್ಮ ಬಾಜೂ ಮನೆಯ ಕಾಕಾ ಗಡಿಯಾರ ರಿಪೇರಿ ಮಾಡುತ್ತಿದ್ದರು. ಅವರ ಪಡಸಾಲೆಯ ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು, ಅದರೊಳಗೆ ಜೀವಂತ ಹವಳ. ಹೆಂಡತಿ ತೀರಿಕೊಂಡ ಮೇಲೆ ಅವರು ಹೆಚ್ಚು ಮಾತಾಡುತ್ತಿದ್ದುದು ಅದರ ಜೊತೆಗೇ. ಬೆಳಿಗ್ಗೆ ಕಣ್ಣಿಗೆ ಭೂತಗನ್ನಡಿ ಸಿಗಿಸಿಕೊಂಡು ನೋಡುವರು; ಹವಳ ಮುದುಡಿದ್ದರೆ, "ನಾಳಿ ಅರಳತೈತಿ ಬಿಡವಾ" ಎಂದು ನನಗೆ ಹೇಳುವರು.

ಹೃದಯದ ಆಪರೇಶನ್ನಿಗೆ ಹೋಗುವಾಗ ತೊಟ್ಟಿಯನ್ನು ನನಗೆ ಒಪ್ಪಿಸಿದರು. "ತೊಟ್ಟ್ಯಾಗ ಎಷ್ಟು ನೀರು ಆರತೈತೋ ಅಷ್ಟು ಸಿಹಿನೀರು ಹಾಕವಾ, ಸಾಕು. ಉಪ್ಪು ಅದರಾಗ ಉಳಿತೈತಿ." ಕಾಕಾನ ಜೀವವೇ ಅದರಲ್ಲಿದೆಯೆಂದು, ಹುಣಸೆಹಣ್ಣು ಹಚ್ಚಿ ಬೆಳಗಿದ ತಾಮ್ರದ ಕೊಡದಲ್ಲಿ ತುಂಬಿಟ್ಟ ನೀರನ್ನೇ ದಿನಾ ಹಾಕಿದೆ.

ಅವರು ಮರಳುವಷ್ಟರಲ್ಲಿ ಹವಳ ಬೆಳ್ಳಗಾಗಿತ್ತು.

"ಯಾವುದರಾಗ ನೀರು ತಂದಿ?"

ನಾನು ಹೆಮ್ಮೆಯಿಂದ ಕೊಡ ತೋರಿಸಿದೆ. ಕಾಕಾ ಅದರ ಅಂಚಿನ ಮೇಲೆ ಬೆರಳಾಡಿಸಿದರು. ನನ್ನ ಮುಖ ನೋಡಿದರು.

"ಎಷ್ಟ ಚಂದ ಬೆಳಗೀಯವಾ," ಎಂದರು. "ನಾಳಿ ಅರಳತೈತಿ ಬಿಡು."

ಆಮೇಲೂ ಆ ಬಿಳಿ ಹವಳದ ಮುಂದೆಯೇ ಕೂರುತ್ತಿದ್ದರು. ನಾನು ಒಳಗೆ ಬಂದರೆ ಅದೇ ಮಾತು.

ಅವರು ತೀರಿಹೋದ ಮೇಲೆ ತೊಟ್ಟಿ ತೊಳೆಯಲು ಹೋದೆ. ಪಕ್ಕದಲ್ಲಿ ಅವರ ನೋಟುಬುಕ್ಕಿತ್ತು. ಮೊದಲ ಪುಟದಲ್ಲಿ, ಅಡಿಗೆರೆ ಎಳೆದು ಬರೆದಿದ್ದರು: ತಾಮ್ರ ತಾಗಿದರೆ ಹವಳ ಸಾಯುತ್ತದೆ.