ಕೇಳೋ ಅಕ್ಕ ಮತ್ತು ಹಿಂಬದಿಯ ಗೇಟು

ಬೆಳಕಿಗಿನ್ನೂ ಕಣ್ಣು ಬಿಡುವ ಮನಸ್ಸಿಲ್ಲ. ಆಸ್ಪತ್ರೆಯ ಹಿಂದಿನ ಗೋಡೆ ಮಂಜಿನಲ್ಲಿ ಹಡಗಿನಂತೆ ತೇಲುತ್ತಿದೆ. ಅದರ ಪಕ್ಕ ಒಬ್ಬ ಅಜ್ಜಿ ಕಾಲೆಳೆಯುತ್ತ ನಡೆಯುತ್ತಾಳೆ. ಎರಡು ಹೆಜ್ಜೆ ಹಿಂದೆ, ಅವಳದೇ ನಿಧಾನದಲ್ಲಿ, ಓಣಿಯವರು 'ಕೇಳೋ ಅಕ್ಕ' ಎಂದು ಕರೆಯುವ ಹೆಂಗಸು. ಗೋಡೆಯ ಕೊನೆಯ ಗೇಟು ಇವತ್ತು ತೆರೆದಿದೆಯೋ ಇಲ್ಲವೋ, ಇಬ್ಬರಿಗೂ ಅದೇ ಚಿಂತೆ.

"ಬಿದ್ದರೆ ಹಿಡಿಯೋಕೆ ಬರ್ತೀಯೋ, ಬೀಳೋದು ನೋಡೋಕೋ?"

"ಎರಡಕ್ಕೂ ಅಜ್ಜಿ."

ಊರಿನ ಸಣ್ಣ ದವಾಖಾನೆ, ಶಾಲೆ, ನೀರಿನ ಕಚೇರಿ, ಓಣಿಯ ಹೆಂಗಸರು ಸೇರಿ ಒಂದು ಆರೋಗ್ಯ ಒಕ್ಕೂಟ ಕಟ್ಟಿಕೊಂಡಿದ್ದಾರೆ. ಅದರಿಂದ ನಿಜವಾಗಿ ಏನು ಬದಲಾಗಿದೆ, ಬದಲಾದದ್ದು ಉಳಿಯುತ್ತದೆಯೇ ಎಂದು ನೋಡಿ ಹೇಳುವುದು ಅಕ್ಕನ ಕೆಲಸ. "ಉಪಯೋಗ ಆಯ್ತಾ ಅಂತ ಕೇಳಿದ್ರೆ ಚಹಾ ಕೊಟ್ಟು ಹೂಂ ಅಂತಾರೆ. ಅದಕ್ಕೇ ಜೊತೆಗೆ ನಡೀತೀನಿ. ಬಾಯಿ ಮುಲಾಜಿಗೆ ಬೀಳುತ್ತೆ, ಕಾಲು ಬೀಳಲ್ಲ," ಎನ್ನುತ್ತಾಳೆ.

ಅಜ್ಜಿಯ ಕಾಲಿನ ಗಾಯಕ್ಕೆ ದಿನಾ ಪಟ್ಟಿ ಕಟ್ಟಿಸಬೇಕು. ಮೊದಲು ಈ ಗೇಟಿಗೆ ಬೀಗವಿತ್ತು. ದೊಡ್ಡ ರಸ್ತೆ ಸುತ್ತಿ ಹೋಗಬೇಕಿತ್ತು. ಎಷ್ಟೋ ಸಲ ಅರ್ಧ ದಾರಿಯಲ್ಲೇ ಕೂತು, ವಾಪಸ್ ಬಂದಿದ್ದಾಳೆ. ಒಕ್ಕೂಟ ಪಟ್ಟು ಹಿಡಿಯಿತು, ಗೇಟು ತೆರೆಯಿತು, ಸಭೆಯಲ್ಲಿ ಚಪ್ಪಾಳೆಯೂ ಬಿತ್ತು. ತಟ್ಟಿದವರಲ್ಲಿ ಒಬ್ಬರಾದರೂ ಬೆಳಗಿನ ಚಳಿಯಲ್ಲಿ ಇಲ್ಲಿ ಬಂದು ನಿಂತಿದ್ದರೆ ಹೇಳಿ.

ಅಕ್ಕ ಬಂದು ನಿಂತಳು. ಬೀಗ ತೆಗೆಯುತ್ತಿದ್ದವನು ಕಾವಲುಗಾರ ತಾತ, ಅದೂ ಬರೀ ದಾಕ್ಷಿಣ್ಯಕ್ಕೆ. ಆಸ್ಪತ್ರೆಯ ಆದೇಶವೇ ಇರಲಿಲ್ಲ. ತಾತನ ನಿವೃತ್ತಿಯೋ, ಹತ್ತಿರ ಬಂದಿತ್ತು. "ನನ್ನ ಜಾಗಕ್ಕೆ ಬರೋನು ತೆಗೀತಾನೋ ಬಿಡ್ತಾನೋ, ಅವನಿಷ್ಟ ಕಣಮ್ಮ," ಎಂದುಬಿಟ್ಟ.

ಅಕ್ಕ ಅದನ್ನು ಸಭೆಯಲ್ಲಿ ಹೇಳಿದಾಗ ಎಲ್ಲರ ಮುಖವೂ ಹುಳ್ಳಗಾಯಿತು. "ಆಗಿರೋ ಒಳ್ಳೇದಕ್ಕೂ ಕಲ್ಲು ಹಾಕ್ತೀಯಲ್ಲಮ್ಮ?" ಎಂದರು ಅಧ್ಯಕ್ಷರು.

"ಕಲ್ಲಲ್ಲ ಸರ್. ಈಗ ಗೇಟು ತೆಗೆದಿರೋದು ತಾತ, ಆಸ್ಪತ್ರೆ ಅಲ್ಲ. ತಾತ ಹೋದ್ರೆ ಮುಚ್ಚುತ್ತೆ."

ಬಡವರ ಆರೋಗ್ಯ ಎಂದೆಂದೂ ಯಾರದೋ ಒಳ್ಳೆಯತನಕ್ಕೆ ನೇತಾಡುತ್ತಿರಬೇಕೇ? ಒಕ್ಕೂಟದವರು ಗೊಣಗುತ್ತಲೇ ಮತ್ತೆ ಆಸ್ಪತ್ರೆಯ ಮೆಟ್ಟಿಲು ಹತ್ತಿದರು. ಗೇಟು ತೆರೆಯುವುದೂ ಕಾವಲಿನ ಕೆಲಸವೇ ಎಂದು ಆದೇಶದಲ್ಲಿ ಬರೆಸಿಕೊಂಡು ಬಂದರು. ಆದರೆ ಬರೆದದ್ದೆಲ್ಲ ನಡೆಯುವ ಕಾಲವೇ ಇದು? ನಿನ್ನೆ ತಾತ ಮನೆಗೆ ಹೋಗಿದ್ದಾನೆ. ಇವತ್ತು ಹೊಸಬನ ಮೊದಲ ಬೆಳಗು.

ಗೋಡೆಯ ತಿರುವಿನಲ್ಲಿ ಅಜ್ಜಿ ನಿಲ್ಲುತ್ತಾಳೆ. "ನೀನೇ ನೋಡೇ. ನನಗೆ ಧೈರ್ಯ ಸಾಲದು."

ಅಕ್ಕ ಇಣುಕುತ್ತಾಳೆ. ಮಂಜು ಗೇಟಿನೊಳಗೂ ಹೊರಗೂ ಸಲೀಸಾಗಿ ಓಡಾಡುತ್ತಿದೆ. ಕಂಬಕ್ಕೊರಗಿ ಹೊಸ ಕಾವಲುಗಾರ ಆಕಳಿಸುತ್ತಿದ್ದಾನೆ.

"ಗೇಟು ಯಾರಪ್ಪ ತೆಗೆಸಿದ್ದು?" ಎಂದು ಹತ್ತಿರ ಬಂದು ಅವನನ್ನು ಕೇಳುತ್ತಾಳೆ ಅಜ್ಜಿ, ಬೇಕೆಂದೇ.

"ಗೊತ್ತಿಲ್ಲ ಅಜ್ಜಿ. ಇದು ಯಾವಾಗ್ಲೂ ತೆಗೆದೇ ಇರುತ್ತಂತೆ."

ಅಕ್ಕನ ನಡಿಗೆ ಹಗುರಾಗುತ್ತದೆ. "ಯಾವಾಗ್ಲೂ ಅಂದ. ಕೇಳಿಸ್ತಾ ಅಜ್ಜಿ?"

"ಕೇಳಿಸ್ತು ಕಣೇ. ಈಗ ಕೈ ಹಿಡಿ, ಮುಂದೆ ಮೆಟ್ಟಿಲಿದೆ."