ಹೂಡಿಗೆ ಇಟ್ಟ ಕುಂಕುಮ

ಹೋದ ವರ್ಷದ ಮಾಗಿಯ ಒಂದು ಗುರುವಾರ. ಅಂದು ಬೆಳಿಗ್ಗೆ ನಲ್ಲಿ ನೀರು ಹಿಡಿದೆ, ಬಾಗಿಲಿಗೆ ರಂಗೋಲಿ ಬಿಟ್ಟೆ, ರೊಟ್ಟಿ ತಟ್ಟಿಕೊಟ್ಟು ಯಜಮಾನರನ್ನು ಕೊಬ್ಬರಿ ಮಂಡಿಗೆ ಕಳಿಸಿದೆ, ಒಂದು ಮೊರ ಅವರೆಕಾಯಿ ಬಿಡಿಸಿದೆ, ಮಗಳ ಬೂಟು ತೊಳೆದು ಬಿಸಿಲಿಗಿಟ್ಟೆ. ಆಮೇಲೆ ಚನ್ನರಾಯಪಟ್ಟಣದ ನಮ್ಮ ಮನೆಯ ಜಗಲಿಯಲ್ಲಿ ಒಂದು ಹೂಡಿಯನ್ನು, ಅದೇ ಬೆನ್ನಿಗೆ ಟೋಪಿ ಸೇರಿಸಿ ಹೊಲಿದ ಮೇಲಂಗಿಯನ್ನು, ಮಡಿಲಲ್ಲಿಟ್ಟುಕೊಂಡು, ಅದನ್ನು ವಾಪಸ್ ಒಯ್ಯುವವನಿಗಾಗಿ ಕಾದು ಕುಳಿತೆ.

ಮಗಳು ಚೈತ್ರ ಆಗ ಒಂಬತ್ತನೇ ತರಗತಿ. ಖೋ ಖೋ ತಂಡದೊಡನೆ ಪಂದ್ಯ ಆಡಲು ಶನಿವಾರ ರೈಲಿನಲ್ಲಿ, ಆ ತಿಂಗಳು ಚಳಿ ಮಂಜು ಕವಿಯುವ ಹರಿಯಾಣಕ್ಕೆ ಹೊರಡಬೇಕಿತ್ತು. ಚಿಕ್ಕಂದಿನಿಂದಲೂ ಚಳಿ ತಾಗಿದರೆ ಅವಳಿಗೆ ಉಬ್ಬಸ. ಮಂದವಾದ ಬೆಚ್ಚಗಿನ ಉಡುಪು ಇಲ್ಲದಿದ್ದರೆ ಕರೆದೊಯ್ಯುವುದಿಲ್ಲ ಎಂದು ಅವಳ ಪಿ.ಟಿ. ಮೇಡಂ ಖಂಡಿತವಾಗಿ ಹೇಳಿದ್ದರು. ಪೇಟೆಯಲ್ಲಿ ಸಿಕ್ಕವೆಲ್ಲ ನಮ್ಮೂರ ಚಳಿಗಷ್ಟೇ ಸಾಲುವಂಥವು. ಹಾಗಾಗಿ ಮೊಬೈಲಿನಲ್ಲಿ ನೋಡಿ, ಬೆಳೆಯುವ ಮಗು ಎಂದು ಒಂದು ಸೈಜು ದೊಡ್ಡದನ್ನೇ ತರಿಸಿದ್ದೆ. ಫೋಟೊದಲ್ಲಿ ಕಂಬಳಿಯಷ್ಟು ಮಂದ ಕಾಣುತ್ತಿತ್ತು.

ಬಂದ ಕೂಡಲೇ, ಎಲ್ಲ ಹೊಸ ಬಟ್ಟೆಗೂ ಮಾಡುವಂತೆ, ಒಳ ಅಂಚಿಗೆ ಅರಿಶಿನ ಕುಂಕುಮ ಹಚ್ಚಿ, ದೇವರ ಮುಂದಿಟ್ಟು ಆಮೇಲೆ ಅವಳ ಕೈಗೆ ಕೊಟ್ಟೆ. ಅವಳು ಬೆಳಕಿಗೆ ಹಿಡಿದಳು.

"ಅಮ್ಮ, ಇದ್ರಲ್ಲಿ ಕಿಟಕಿ ಸರಳು ಕಾಣ್ತವೆ. ಸೊಳ್ಳೆ ಪರದೆ ತರ್ಸಿದ್ಯಾ?"

ನಗುತ್ತಲೇ ಅಂದಳು. ಆದರೆ ಅಂದು ಸಂಜೆ ಪ್ರಾಕ್ಟೀಸಿಗೆ ಹೋಗಲಿಲ್ಲ.

ವಾಪಸ್ ಒಯ್ಯಲು ಕಂಪನಿಯ ಕಡೆಯಿಂದ ಬಂದವನು ರಾಜು ಎಂಬ ಮೂವತ್ತರ ಆಸುಪಾಸಿನವನು. ಬಟ್ಟೆಯ ಫೋಟೊ ತೆಗೆಯಹೋದವನು ನಿಲ್ಲಿಸಿಬಿಟ್ಟ.

"ಅಕ್ಕ, ಇದ್ನ ತಗಳಕಾಗಲ್ಲ. ಕಲೆ ಐತೆ."

"ಕಲೆ ಅಲ್ಲ ಕಣಪ್ಪ, ಕುಂಕುಮ."

"ನಂಗೊತ್ತಾಯ್ತದೆ ಕಣಕ್ಕ. ಈ ಫೋನಿಗೆ ಗೊತ್ತಾಗ್ಬೇಕಲ್ಲ."

ಮಗಳ ವಿಷಯವನ್ನೆಲ್ಲ ಹೇಳಿದೆ. ಅವನು ಹೊರಡದೆ ಜಗಲಿಯ ಮೇಲೆ ಕುಳಿತ. ಮುಂಚೆ ಹಾಸನದ ಗಾರ್ಮೆಂಟ್ಸಿನಲ್ಲಿ ಐದು ವರ್ಷ ಚೆಕಿಂಗ್ ಕೆಲಸ ಮಾಡಿದ್ದನಂತೆ. ಹೂಡಿಯ ಒಳಭಾಗ ಹೊರಗೆ ಮಾಡಿದ. "ಮೊದ್ಲು ಒಲಿಗೆ ನೋಡ್ಬೇಕು. ವರಗಡೆ ಎಲ್ಲಾವೂ ಚೆನ್ನಾಗೇ ಇರ್ತವೆ" ಎಂದ. ತೋಳಿನ ತುದಿಯ ಪಟ್ಟಿಯನ್ನು ಎಳೆದು ಬಿಟ್ಟ. ಅದು ಹಿಗ್ಗಿದ್ದು ಹಿಗ್ಗಿದಂತೆಯೇ ಉಳಿಯಿತು. ಆಮೇಲೆ ನನ್ನ ಮೊಬೈಲ್ ತೆಗೆಸಿ ತೋರಿಸಿದ. ಕಂಪನಿಯ ಫೋಟೊ ಬಿಟ್ಟು ಕೊಂಡವರು ಹಾಕಿದ ಫೋಟೊ ನೋಡಬೇಕು. ಯಾವ ನೂಲು, ಬಟ್ಟೆ ಎಷ್ಟು ತೂಕದ್ದು ಎಂದು ಬರೆದಿದ್ದಾರೆಯೇ ನೋಡಬೇಕು, ಬರೆದಿಲ್ಲವೆಂದರೆ ಅನುಮಾನ ಪಡಬೇಕು. ಹೊಗಳಿದವರಿಗಿಂತ ಮೊದಲು ಬೈದವರನ್ನು ಓದಬೇಕು. ನಮ್ಮ ಹೂಡಿಯ ಕೆಳಗೆ ಯಾರೋ ಪುಣ್ಯಾತ್ಮರು 'ಬೇಸಿಗೆಗೆ ಚೆನ್ನಾಗಿದೆ' ಎಂದು ಬರೆದಿದ್ದರು. ನಾನು ಕೊಂಡವರು ಕೊಟ್ಟ ನಕ್ಷತ್ರ ಎಷ್ಟೆಂದು ನೋಡಿ ಸುಮ್ಮನಾಗಿದ್ದೆ.

"ಈಗ ಬ್ಯಾರೆ ತರ್ಸಿದ್ರೂ ಶನಿವಾರಕ್ಕೆ ಬರಲ್ಲ. ನನ್ ಕೈಲಿ ಕೊಡಿ. ದೊಡ್ಡ ಸೈಜು ತರ್ಸಿರಾದು ಒಳ್ಳೇದೇ ಆಯ್ತು, ನಮ್ಮನೇವ್ಳು ಒಳಗಡೆ ಮಂದದ ಬಟ್ಟೆ ಕೊಟ್ಟು ಒಲ್ದುಕೊಡ್ತಾಳೆ."

ಕೊಟ್ಟುಬಿಟ್ಟೆ. ಮಧ್ಯಾಹ್ನ ಊಟಕ್ಕೆ ಬಂದ ಯಜಮಾನರು, "ಅವನ ಅಡ್ರೆಸ್ಸಾದ್ರೂ ಕೇಳಿದ್ಯೇನೆ?" ಎಂದರು.

"ನಮ್ಮ ಅಡ್ರೆಸ್ ಅವನತ್ರ ಐತಲ್ಲ" ಎಂದೆ. ಹಾಗೆಂದರೂ ಮಾರನೆಯ ದಿನವೆಲ್ಲ ಬಾಗಿಲ ಕಡೆಗೇ ಕಿವಿ.

ಶುಕ್ರವಾರ ಸಂಜೆ ರಾಜು ಬಂದ. ಹೂಡಿಯ ಒಳಗೆಲ್ಲ ಮೆತ್ತನೆಯ ಮಂದ ಬಟ್ಟೆ, ಅದರ ಮೇಲೆ ಪುಟ್ಟ ಪುಟ್ಟ ಬಾತುಕೋಳಿ.

"ಹುಟ್ಟೋ ಮಗೀಗೆ ಹೊದಿಕೆ ಮಾಡನ ಅಂತ ತಂದಿಟ್ಟಿದ್ಲು. ಅದ್ಕಿನ್ನ ಮೂರು ತಿಂಗ್ಳೈತೆ, ಈ ಮಗೀಗೆ ನಾಳೇನೇ ಬೇಕಲ್ಲ ಅಂದ್ಲು ಕಣಕ್ಕ."

ಅಂಚು ನೋಡಿದೆ. ಕುಂಕುಮ ಇದ್ದ ಕಡೆ ಮಾತ್ರ ಅದು ಕಾಣುವಂತೆ ಒಳಬಟ್ಟೆಯನ್ನು ದುಂಡಗೆ ಕತ್ತರಿಸಿ, ಸುತ್ತ ಸಣ್ಣ ಹೊಲಿಗೆ ಹಾಕಿದ್ದಳು. "ಅದ್ನ ಮುಚ್ಚಬಾರ್ದಂತೆ" ಎಂದ ರಾಜು. ದುಡ್ಡು ಎಷ್ಟು ಹೇಳಿದರೂ ಮುಟ್ಟಲಿಲ್ಲ. ಬಿಡಿಸಿಟ್ಟಿದ್ದ ಅವರೆಕಾಳಿನಲ್ಲಿ ಅರ್ಧ ಕಟ್ಟಿಕೊಟ್ಟೆ, ಅದನ್ನು ಮಾತ್ರ ತೆಗೆದುಕೊಂಡ.

ಚೈತ್ರ ಆ ಮಂಜಿನ ಊರಿನಲ್ಲಿ ಆಡಿ, ಒಮ್ಮೆಯೂ ಉಬ್ಬಸ ಬರದೆ ಮನೆಗೆ ಬಂದಳು. ರಾಜುವಿಗೆ ಮಗಳು ಹುಟ್ಟಿದಾಗ ಅವನು ಕಲಿಸಿದಂತೆಯೇ ಬೈದವರನ್ನೆಲ್ಲ ಓದಿ ಒಂದು ಪುಟ್ಟ ಸ್ವೆಟರ್ ತರಿಸಿದೆ. ಹೊಲಿಗೆ ನೋಡಿ, ಪಟ್ಟಿ ಎಳೆದು, ಬೆಳಕಿಗೆ ಹಿಡಿದು, ಆಮೇಲೆ ಕುಂಕುಮ ಇಟ್ಟೆ. ಇವತ್ತಿಗೂ ಹೊಸ ಬಟ್ಟೆಗೆ ಕುಂಕುಮ ಇಡುವಾಗ, ನಾನಿನ್ನೂ ಮುಖ ನೋಡಿರದ ದಿನ ನಮಗಾಗಿ ಮಷೀನ್ ತುಳಿದ ಆ ಬಸುರಿ ನೆನಪಾಗುತ್ತಾಳೆ.

ರಾಜು ಹೂಡಿ ತಂದುಕೊಟ್ಟ ಆ ಶುಕ್ರವಾರ ರಾತ್ರಿ ಮುದ್ದೆ, ಉಳಿದ ಅವರೆಕಾಳಿನ ಸಾರು ಉಂಡೆವು. ದಿನವೂ ಕೊನೆಗೆ ಮಲಗುವ ಚೈತ್ರ, ಹಾಕಿಕೊಂಡ ಹೂಡಿಯನ್ನು ಬಿಚ್ಚದೆಯೇ ಎಲ್ಲರಿಗಿಂತ ಮೊದಲು ನಿದ್ದೆಹೋದಳು.