ಅನಘಾಳ ಕುಂಡದ ಅಮೆರಿಕದ ಗಿಡ

ಮೈಸೂರಿನ ರೇಣುಕಾಗೆ ಸಿಂಗಪುರದ ಜುರಾಂಗ್ ವೆಸ್ಟ್‌ನ ತನ್ನ ವಸತಿ ಬ್ಲಾಕಿನಲ್ಲಿ ಯಾರ ಕುಂಡವೂ ತನ್ನದಕ್ಕಿಂತ ಹಸಿರಾಗಿರಬಾರದು. ೧೯೯೫ರಲ್ಲಿ ಪಕ್ಕದ ಮನೆಯ ಅನಘಾ ಆಫೀಸ್ ಕೆಲಸಕ್ಕೆ ಅಮೆರಿಕಕ್ಕೆ ಹೋಗಿ, ಆ್ಯಶ್ ಎಂಬ ಚಳಿನಾಡಿನ ಮರದ ಬೀಜ ತಂದು ರೇಣುಕಾಗೂ ಕೊಟ್ಟಳು. ಚಳಿ ಕಾಣದೆ ಅವು ಮೊಳೆಯವು ಎಂದು ಓದಿದ ರೇಣುಕಾ, ಒದ್ದೆ ಮರಳಿನಲ್ಲಿ ಹೂತು ಫ್ರಿಜ್ಜಿನಲ್ಲಿಟ್ಟಳು. ಅನಘಾ ಬ್ಲಾಕಿನ ಕೆಳಗಿನ ಎತ್ತರದ ಮರದ ಬುಡದ ಮಣ್ಣು ತಂದು ಸುಮ್ಮನೆ ಊರಿದಳು. ಅವಳ ಕುಂಡದಲ್ಲೇ ಗಿಡ ಎದ್ದಿತು. ರೇಣುಕಾಳ ಹೊಟ್ಟೆ ಉರಿಯಿತು.

ಅಮೆರಿಕದ್ದು ಎಂದ ಮೇಲೆ ಆ ಗಿಡವನ್ನು ಯಾರೂ ಸರಿಯಾಗಿ ನೋಡಲಿಲ್ಲ. ರೇಣುಕಾ ಮಾತ್ರ ದಿನವೂ ಬಗ್ಗಿ ನೋಡಿದಳು. ಆ್ಯಶ್ ಎಲೆಗಳು ಕಾಂಡದ ಮೇಲೆ ಎದುರುಬದುರು ಜೋಡಿಯಾಗಿರಬೇಕು. ಇಲ್ಲಿ ಒಂದು ಮೇಲೆ, ಇನ್ನೊಂದು ಕೆಳಗೆ. ಒಂದೆಲೆ ಕಿತ್ತು ಅಗಿದಳು. ಕಹಿ.

ಯುಗಾದಿಯ ಹಿಂದಿನ ದಿನ ಲಿಫ್ಟ್ ಮುಂದೆ ಎಲ್ಲರಿಗೂ ಕೇಳಿಸುವಂತೆ ಹೇಳಿದಳು: "ಅನಘಾ, ನಾನು ಚೆಕ್ ಮಾಡಿದೀನಿ. ಅದು ಆ್ಯಶ್ ಅಲ್ಲ, ಬರೀ ಬೇವು. ಕೆಳಗಿನ ಮರದ ಬೀಜ ನಿನ್ನ ಮಣ್ಣಲ್ಲೇ ಬಂದಿದೆ."

ಬೆಳಗಾಗುತ್ತಲೇ ಬ್ಲಾಕಿನ ಕನ್ನಡದವರೆಲ್ಲ ಬೇವು-ಬೆಲ್ಲಕ್ಕೆ ಎಲೆ ಕೇಳುತ್ತ ಅನಘಾಳ ಬಾಗಿಲಿಗೆ ಬಂದರು. ರೇಣುಕಾಳ ಗಂಡ ಗೋಪಿನಾಥನೂ ಒಂದು ಕುಡಿ ಹಿಡಿದು ಮನೆಗೆ ಬಂದ.

"ಬೆಲ್ಲ ಕೊಡೇ."

ಬೆಲ್ಲ ಫ್ರಿಜ್ಜಿನಲ್ಲಿತ್ತು, ಮೊಳೆಯದ ಆ ಬೀಜಗಳ ಪಕ್ಕದಲ್ಲೇ.